ಹಿಮದೊಳಗಿನ ಎಲೆ, ಕಡಲೊಳಗಿನ ಕಂಬ

ದಕ್ಷಿಣ ಧ್ರುವದಿಂದ ಹಿಂದಿರುಗುವ ದಾರಿಯಲ್ಲಿ ಹಸಿವು ಚಳಿಗಳಿಗೆ ಬಲಿಯಾದ ಕ್ಯಾಪ್ಟನ್ ಸ್ಕಾಟನ ಮತ್ತು ಅವನ ಇಬ್ಬರು ಸಂಗಡಿಗರ ಶವಗಳು 1912ರ ನವೆಂಬರಿನಲ್ಲಿ ದೊರೆತಾಗ, ಅವರು ಕಡೆಯವರೆಗೂ ಎಳೆದು ತಂದಿದ್ದ ಸುಮಾರು 16 ಕಿಲೋಗ್ರಾಂ ಕಲ್ಲುಗಳೂ ಅಲ್ಲಿಯೇ ದೊರೆತವು. ಪ್ರಾಣಸಂಕಟದಲ್ಲಿಯೂ ಬಿಸುಡದೆ ಉಳಿಸಿದ ಆ ಕಲ್ಲುಗಳಲ್ಲಿ ಗ್ಲಾಸಾಪ್ಟೆರಿಸ್ ಎಂಬ ಅಳಿದುಹೋದ ಸಸ್ಯದ ಅಚ್ಚುಗಳಿದ್ದವು: ನಾಲಗೆಯಂತಹ ನೀಳವಾದ ಎಲೆ, ನಡುವೆ ದಪ್ಪನಾದೊಂದು ನರ, ಇಕ್ಕೆಲಗಳಲ್ಲಿ ಬಲೆಯಂತೆ ಹೆಣೆದುಕೊಂಡ ಸಣ್ಣ ನರಗಳು. ಇದೇ ಎಲೆಯು ನಮ್ಮ ರಾಣಿಗಂಜದ ಕಲ್ಲಿದ್ದಲಿನ ಪದರಗಳಲ್ಲಿಯೂ, ಆಫ್ರಿಕ, ಆಸ್ಟ್ರೇಲಿಯ, ದಕ್ಷಿಣ ಅಮೆರಿಕಗಳ ಶಿಲೆಗಳಲ್ಲಿಯೂ ಉಂಟು. ಮಹಾಸಾಗರಗಳನ್ನು ಒಂದು ಗಿಡವು ಹೇಗೆ ದಾಟೀತು?

ದಾಟಲಿಲ್ಲ, ನೆಲವೇ ಸರಿಯಿತು. ಆ ವರ್ಷದ ಜನವರಿಯಲ್ಲಿಯೇ ಜರ್ಮನಿಯ ಆಲ್ಫ್ರೆಡ್ ವೇಗನರನು, ಖಂಡಗಳೆಲ್ಲ ಒಮ್ಮೆ ಕೂಡಿದ್ದು ಅನಂತರ ಅಗಲಿದುವೆಂದು ಸಾರಿದ್ದನು. ಅವುಗಳನ್ನು ಚಲಿಸುವಂತೆ ಮಾಡಿದ ಶಕ್ತಿಯನ್ನು ಅವನು ತೋರಿಸಲಾರದೆ ಹೋದುದರಿಂದ ಬಹುಮಂದಿ ವಿದ್ವಾಂಸರು ಒಪ್ಪಲಿಲ್ಲ. 1930ರಲ್ಲಿ ಗ್ರೀನ್‌ಲೆಂಡಿನ ಹಿಮದಲ್ಲಿ ಅವನೂ ಮಡಿದನು. ಸಾಗರತಳವು ಬಿರಿದು ವಿಸ್ತರಿಸುತ್ತಿರುವುದು 1960ರ ದಶಕದಲ್ಲಿ ಸ್ಥಿರಪಟ್ಟಾಗ ತನಗೆ ಸಂದ ಮನ್ನಣೆಯನ್ನು ಕಾಣಲು ಅವನಿರಲಿಲ್ಲವೆಂಬುದು ಮನಸ್ಸನ್ನು ನೋಯಿಸುತ್ತದೆ.

ಖಂಡಗಳ ಆ ಅಗಲಿಕೆಯ ಗುರುತು ನಮ್ಮ ಕರಾವಳಿಯಲ್ಲಿಯೂ ಇದೆ. ಮಲ್ಪೆಯಿಂದ ದೋಣಿಯೇರಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರು, ಶಿಲ್ಪಿಯು ಕಡೆದು ನಿಲ್ಲಿಸಿದಂತೆ ಐದಾರು ಮೂಲೆಗಳುಳ್ಳ ಕಲ್ಲುಕಂಬಗಳು ಒತ್ತೊತ್ತಾಗಿ ನಿಂತಿರುವುದನ್ನು ಕಾಣುತ್ತಾರೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದಾಗ ಉಕ್ಕಿದ ಲಾವಾರಸವು ತಣಿದು ಕುಗ್ಗಿ, ಬತ್ತಿದ ಕೆರೆಯ ಕೆಸರಿನಂತೆ ಬಿರುಕುಬಿಟ್ಟು ಈ ಕಂಬಗಳಾದವು. ಅದೇ ಕಾಲದ ಲಾವಾಶಿಲೆಗಳು ಕಡಲಾಚೆಯ ಮಡಗಾಸ್ಕರಿನಲ್ಲಿಯೂ ಇವೆ.