ಗಿರಾಕಿಗೆ ಸೋಫಾ, ಹುಡುಗಿಗೆ ಗೋಡೆ

ದಾವಣಗೆರೆ: ಚೌಕಿಪೇಟೆಯ ಹಳೇ ಜವಳಿ ಅಂಗಡಿ ಕಂಡವರಿಗೆ ಗೊತ್ತು. ಬಿಳಿ ಗಾದಿ ಹಾಸಿರೋದು. ಗಿರಾಕಿಯೂ ಅದರ ಮೇಲೆ ಕೂತು, ಸೀರೆ ಬಿಚ್ಚಿ ತೋರಿಸೋ ಗುಮಾಸ್ತನೂ ಕೂತು, ಗಲ್ಲಾ ಮುಂದೆ ಸಾಹುಕಾರರಂತೂ ಕೂತೇ ಇರೋರು. ವ್ಯಾಪಾರವೇನೂ ಕೆಡಲಿಲ್ಲ.

ಈಗ ಪಿ.ಬಿ. ರಸ್ತೆ ಕಡೆ ಬನ್ನಿ. ಗಾಜಿನ ಬಾಗಿಲು, ತಣ್ಣನೆ ಗಾಳಿ, ಪ್ಯಾಂಟು ಷರ್ಟು ತೊಟ್ಟ ಬೊಂಬೆ. ಬ್ರ್ಯಾಂಡ್ ಷೋರೂಂ ಸ್ವಾಮಿ! ಬೊಂಬೆಯ ಪಕ್ಕದಲ್ಲೇ ಬೆಳಿಗ್ಗೆಯಿಂದ ನಿಂತಿರುವ ಹುಡುಗಿಯೊಬ್ಬಳು ಇರುತ್ತಾಳೆ. ಬೊಂಬೆಗೆ ಕಾಲು ನೋಯುವುದಿಲ್ಲ, ಅಷ್ಟೇ ವ್ಯತ್ಯಾಸ.

ಅವಳನ್ನು ನಿಲ್ಲಿಸುವವರು ಯಾರು? ಜನ ಬೆರಳು ತೋರಿಸುವುದು ಮ್ಯಾನೇಜರ್ ಕಡೆಗೆ. ಆದರೆ ಮ್ಯಾನೇಜರ್ ಮೇಡಂ ಪಾಡೂ ಕೇಳಿ. ಅವರೂ ನಿಂತೇ ಇರುತ್ತಾರೆ. ಬಾಗಿಲ ನೆತ್ತಿಯ ಮೇಲೆ ತಲೆ ಎಣಿಸುವ ಯಂತ್ರ. ನೂರು ಜನ ಒಳಗೆ ಬಂದು ಇಪ್ಪತ್ತು ಬಿಲ್ಲು ಹರಿದರೆ, ಉಳಿದ ಎಂಬತ್ತು ಎಲ್ಲಿ ಹೋದವು ಅಂತ ರಾತ್ರಿ ಹೆಡ್ ಆಫೀಸಿನಿಂದ ಫೋನು. ಐದು ಜನರ ಸಂಸಾರ ಬಂದು ಮಗನಿಗೆ ಒಂದು ಷರ್ಟು ಕೊಂಡರೆ, ಯಂತ್ರದ ಲೆಕ್ಕದಲ್ಲಿ ನಾಲ್ಕು ಗಿರಾಕಿ ಕೈತಪ್ಪಿದಂತೆ. ಏಪ್ರಿಲ್ ಬಿಸಿಲಲ್ಲಿ ಬಸ್ಸಿಗೆ ಕಾಯುವವರು ಎ.ಸಿ. ಗಾಳಿಗೆಂದು ಒಳಗೆ ಬಂದು ಹೋಗುತ್ತಾರಲ್ಲ, ಅವರೂ ಲೆಕ್ಕಕ್ಕೆ ಬಿದ್ದರು!

ಇದರ ಮೇಲೆ ತೆರಿಗೆಯ ತಲೆನೋವು. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಉಡುಪಿಗೆ ಜಿ.ಎಸ್.ಟಿ. ನೂರಕ್ಕೆ 5, ದಾಟಿದರೆ 18. ಹಳೇ ಚೀಟಿ, ಹೊಸ ಚೀಟಿ ವಿವರಿಸುತ್ತಾ ಗಂಟಲು ಒಣಗಿತು. ಇನ್ನು ಆಷಾಢ ಬಂತೋ, ಮದುವೆ ಇಲ್ಲ, ಮುಂಜಿ ಇಲ್ಲ, ರಿಯಾಯಿತಿಯೇ ಹಬ್ಬ. ಆ ದಿನಗಳಲ್ಲಿ ಊಟದ ಡಬ್ಬಿ ಬಿಚ್ಚುವುದು ನಾಲ್ಕು ಗಂಟೆಗೆ.

ಮಧ್ಯಾಹ್ನ ಎರಡರಿಂದ ನಾಲ್ಕು, ಅಂಗಡಿ ಬಿಕೋ ಅನ್ನುವ ಹೊತ್ತು. ಆಗಲಾದರೂ ಕೂತರೇನು? ಗಿರಾಕಿಗೆ ಸೋಫಾ ಐತೆ, ಆದರೆ ಅದರ ಮೇಲೆ ಕ್ಯಾಮರಾನೂ ಐತೆ. ಹುಡುಗಿ ಕೂತಿದ್ದು ಕಂಡರೆ ಮೆಮೊ ಬರುವುದು ಮೇಡಂ ಹೆಸರಿಗೆ. ಮನಸ್ಸಿರುವ ಮ್ಯಾನೇಜರುಗಳು ಕ್ಯಾಮರಾ ಕಣ್ಣಿಗೆ ಬೀಳದ ಗೋಡೌನಿನಲ್ಲಿ ಒಂದು ಸ್ಟೂಲು ಹಾಕಿ, "ಹೋಗವ್ವ, ಹತ್ತು ನಿಮಿಷ ಕೂತು ಬಾ" ಅನ್ನುತ್ತಾರೆ. ಕದ್ದು ಕೂರುವ ಕೆಲಸ! ಮನಸ್ಸಿಲ್ಲದವರು ಗೋಡೆಗೆ ಒರಗಿದರೂ ಗದರುತ್ತಾರೆ.

ಕುರ್ಚಿ ಕೇಳುವುದು ಅತಿ ಆಸೆ ಅನ್ನುವವರು ಪಕ್ಕದ ರಾಜ್ಯ ನೋಡಲಿ. ಕೋಳಿಕ್ಕೋಡಿನಲ್ಲಿ ಪಿ. ವಿಜಿ ಎಂಬ ಟೈಲರ್ ಹೆಂಗಸು ಅಂಗಡಿ ಹೆಣ್ಣುಮಕ್ಕಳನ್ನು ಕೂಡಿಸಿ 'ಪೆಣ್‌ಕೂಟ್ಟ್' ಅಂತ ಗುಂಪು ಕಟ್ಟಿದರು. ಮೊದಲು ಕೇಳಿದ್ದು ಶೌಚಾಲಯ, ಆಮೇಲೆ ಕೂರುವ ಹಕ್ಕು. ವರ್ಷಗಟ್ಟಲೆ ಹೋರಾಡಿದ ಮೇಲೆ 2018ರಲ್ಲಿ ಕೇರಳ ತನ್ನ ಅಂಗಡಿ ಕಾಯ್ದೆಯನ್ನೇ ತಿದ್ದಿ, ನೌಕರರಿಗೆ ಆಸನ ಕೊಡಲೇಬೇಕು ಎಂದಿತು. 2021ರಲ್ಲಿ ತಮಿಳುನಾಡೂ ಅದೇ ದಾರಿ ಹಿಡಿಯಿತು. ನಮ್ಮಲ್ಲಿ 1961ರಲ್ಲೇ ಬಂದ ಅಂಗಡಿ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ವಾರಕ್ಕೊಂದು ರಜೆ ಎಂದು ಬರೆದಿತ್ತು. ಹಬ್ಬದ ಸೀಸನ್ನಿನಲ್ಲಿ ಆ ಒಂಬತ್ತು ಗಂಟೆಯನ್ನು ಯಾವ ಗಡಿಯಾರದಲ್ಲಿ ಎಣಿಸುತ್ತಾರೋ, ಮಾಲೀಕರನ್ನೇ ಕೇಳಬೇಕು.

ಮಳೆ ಬಂದರೂ ವ್ಯಾಪಾರ ಕಮ್ಮಿಯಾದದ್ದಕ್ಕೆ ಮೇಡಂ ಕಾರಣ ಬರೆದು ಕಳಿಸಬೇಕು. ಬರೆದು, ಗಲ್ಲಾ ಎಣಿಸಿ, ಷಟರ್ ಎಳೆಯುವಾಗ ರಾತ್ರಿ ಒಂಬತ್ತೂವರೆ. ಹುಡುಗಿ ಆಗಲೇ ಹರಿಹರದ ಬಸ್ಸಿಗೆ ಓಡಿರುತ್ತಾಳೆ. 2023ರ ಜೂನ್‌ನಿಂದ ಶಕ್ತಿ ಯೋಜನೆ, ಟಿಕೆಟ್ಟಿಗೆ ದುಡ್ಡಿಲ್ಲ. ಆ ಹೊತ್ತಿಗೆ ಸೀಟೂ ಇಲ್ಲ. ಕಂಬಿ ಹಿಡಿದು, "ಅಣ್ಣಾ, ಸ್ವಲ್ಪ ಸರೀರಿ" ಅನ್ನುತ್ತಾ ಮತ್ತೆ ನಿಲ್ಲುತ್ತಾಳೆ.