ಟಿಲ್ಟ್-ಶಿಫ್ಟ್ ಲೆನ್ಸ್: ಮೊದಲು ನಿಲ್ಲುವ ಜಾಗ ಅಳೆಯಿರಿ

ಹಂಪಿಯ ವಿರೂಪಾಕ್ಷ ದೇವಸ್ಥಾನದ ಪೂರ್ವ ಗೋಪುರ ಸುಮಾರು 50 ಮೀಟರ್ ಎತ್ತರ. ಮೇಲೆ ಹೋದಂತೆ ಕಿರಿದಾಗುವುದೇ ಅದರ ರೂಪ. ಒಂದೊಂದು ನೆಲೆಯನ್ನೂ ಎಷ್ಟು ಕುಗ್ಗಿಸಬೇಕೆಂದು ಕಟ್ಟಿದವರು ಲೆಕ್ಕ ಹಾಕಿಯೇ ಕಟ್ಟಿದ್ದಾರೆ. ಬುಡದಲ್ಲಿ ನಿಂತು ಕ್ಯಾಮೆರಾದ ಮೂತಿ ಮೇಲೆತ್ತಿದರೆ ಆ ಲೆಕ್ಕದ ಮೇಲೆ ಕ್ಯಾಮೆರಾ ತನ್ನದೂ ಒಂದಿಷ್ಟು ಕುಗ್ಗಿಸುತ್ತದೆ. ಗೋಪುರ ಚೂಪಾಗಿ, ಹಿಂದಕ್ಕೆ ವಾಲಿದಂತೆ ಕಾಣುತ್ತದೆ. ಹಳೆಯ ಗುಡಿ, ಮನೆಗಳ ಚಿತ್ರ ತೆಗೆಯುವುದೇ ನನ್ನ ಕೆಲಸ. ನಾಳೆ ಯಾರಾದರೂ ಆ ಚಿತ್ರ ಎದುರಿಗಿಟ್ಟುಕೊಂಡು ಜೀರ್ಣೋದ್ಧಾರಕ್ಕೆ ಕೈಹಾಕಬಹುದು. ಹಾಗಾಗಿ ಕಟ್ಟಿದವರ ಅಳತೆ ಕೆಡುವುದು ನನಗೆ ಸಣ್ಣ ಮಾತಲ್ಲ.

ಟಿಲ್ಟ್-ಶಿಫ್ಟ್ ಲೆನ್ಸ್ ಬೇಕಾಗುವುದು ಇಲ್ಲಿ. ರಸಮಟ್ಟ ನೋಡಿ ಕ್ಯಾಮೆರಾವನ್ನು ನೆಟ್ಟಗೆ ನಿಲ್ಲಿಸಿ, ಲೆನ್ಸನ್ನು ಮಾತ್ರ ಮೇಲಕ್ಕೆ ಜರುಗಿಸುವುದು ಶಿಫ್ಟ್. ಫುಲ್‌ಫ್ರೇಮ್ ಸೆನ್ಸರ್ ಮೂಲೆಯಿಂದ ಮೂಲೆಗೆ 43 ಮಿ.ಮೀ. ಇರುತ್ತದೆ. ಸಾಮಾನ್ಯ ಲೆನ್ಸ್ ಮೂಡಿಸುವ ಬೆಳಕಿನ ವೃತ್ತ ಅದನ್ನು ಮುಚ್ಚಿದರೆ ಸಾಕು. ಕ್ಯಾನನ್ ಟಿಎಸ್-ಇ 24 ಮಿ.ಮೀ. ಲೆನ್ಸಿನ ಎರಡನೇ ಆವೃತ್ತಿಯ ವೃತ್ತ ಮಾತ್ರ 67 ಮಿ.ಮೀ. ಹೀಗಾಗಿ ಲೆನ್ಸ್ 12 ಮಿ.ಮೀ. ಜರುಗಿದರೂ ಚಿತ್ರದ ಮೂಲೆ ಕಪ್ಪಾಗುವುದಿಲ್ಲ. ಇಂಥ ಲೆನ್ಸ್ ದಪ್ಪವಾಗಿ, ದುಬಾರಿಯಾಗಿ ಇರುವುದಕ್ಕೆ ಮುಖ್ಯ ಕಾರಣ ಈ ದೊಡ್ಡ ವೃತ್ತ.

“ಯಾವ ಲೆನ್ಸ್ ತಗೊಳ್ಳಲಿ ಸರ್?” ಎಂದು ಹುಡುಗರು ಕೇಳಿದರೆ ನಾನು ಕೇಳುವುದು ಒಂದೇ: ಕಟ್ಟಡದ ಎದುರು ಹಿಂದೆ ಸರಿಯಲು ನಿಮಗೆ ಎಷ್ಟು ಜಾಗವಿದೆ? ಲೆಕ್ಕ ಸುಲಭ. ಕ್ಯಾಮೆರಾವನ್ನು ಲಂಬವಾಗಿ ಹಿಡಿದರೆ ಫುಲ್‌ಫ್ರೇಮಿನ ಅರ್ಧ ಎತ್ತರ 18 ಮಿ.ಮೀ. ಅದಕ್ಕೆ ಶಿಫ್ಟಿನ 12 ಸೇರಿಸಿ, ಲೆನ್ಸಿನ ಫೋಕಲ್ ಲೆಂತ್‌ನಿಂದ ಭಾಗಿಸಿ. 24 ಮಿ.ಮೀ.ಗೆ 1.25 ಬರುತ್ತದೆ. ಅಂದರೆ ನೀವು ನಿಂತ ದೂರದ ಒಂದೂಕಾಲು ಪಟ್ಟು ಎತ್ತರ, ಕ್ಯಾಮೆರಾದ ಮಟ್ಟದಿಂದ ಮೇಲಕ್ಕೆ, ಚಿತ್ರದಲ್ಲಿ ಹಿಡಿಯುತ್ತದೆ. 17 ಮಿ.ಮೀ.ಗೆ ಅದು ಸುಮಾರು 1.76. ವಿರೂಪಾಕ್ಷ ಗೋಪುರಕ್ಕೆ 24ರಲ್ಲಿ ಸುಮಾರು 39 ಮೀಟರ್ ದೂರ ನಿಂತರೆ ಸಾಕು. ಶಿಫ್ಟ್ ಇಲ್ಲದ 24ರಲ್ಲಿ ಕ್ಯಾಮೆರಾ ನೆಟ್ಟಗಿಟ್ಟು ತೆಗೆಯಬೇಕೆಂದರೆ 65 ಮೀಟರ್ ಬೇಕು. ಹಂಪಿಯಲ್ಲಿ ಎದುರಿಗೆ ಉದ್ದನೆಯ ಬಜಾರು ಬೀದಿಯೇ ಇದೆ, ಎಷ್ಟು ಬೇಕಾದರೂ ಹಿಂದೆ ಹೋಗಬಹುದು. ತೊಂದರೆ ಇರುವುದು ಹಳೆಯ ಪೇಟೆಗಳ ಓಣಿಗಳಲ್ಲಿ. ಮನೆ 10 ಮೀಟರ್ ಎತ್ತರ, ನಿಲ್ಲಲು ಇರುವ ಜಾಗ 6 ಮೀಟರ್ ಎಂದಿಟ್ಟುಕೊಳ್ಳಿ. ಎದೆಮಟ್ಟದ ಕ್ಯಾಮೆರಾದಿಂದ 24 ಮಿ.ಮೀ. ಹಿಡಿಯುವುದು 9 ಮೀಟರ್ ವರೆಗೆ ಮಾತ್ರ. ಸೂರಿನ ಅಂಚು, ಅದರ ಕೆಳಗಿನ ಮರದ ಕೆತ್ತನೆ ಹೊರಗುಳಿಯುತ್ತವೆ. 17 ಮಿ.ಮೀ. ಆದರೆ ಸೂರಿನ ಮೇಲೆ ಆಕಾಶವೂ ಸಿಗುತ್ತದೆ.

ಆದರೂ ಮೊದಲ ಲೆನ್ಸ್ ಒಂದೇ ಕೊಳ್ಳುವುದಾದರೆ ನನ್ನ ಮಾತು 24ರ ಕಡೆಗೇ. 17ರ ಮುಂದಿನ ಗಾಜು ಉಬ್ಬಿಕೊಂಡಿದೆ, ಮಾಮೂಲಿ ಫಿಲ್ಟರ್ ಹಾಕಲಾಗದು. ಹತ್ತಿರದಿಂದ ಪೂರ್ತಿ ಜರುಗಿಸಿದರೆ ಕಟ್ಟಡದ ತಲೆ ಹಿಗ್ಗಿದಂತೆ ಕಾಣುತ್ತದೆ. ನಿಕಾನ್ ಬಳಸುವವರಿಗೆ 2016ರಲ್ಲಿ ಬಂದ 19 ಮಿ.ಮೀ. ಒಳ್ಳೆಯ ನಡುದಾರಿ. ಕೈಯಲ್ಲಿ ಹಣ ಕಡಿಮೆಯಿದ್ದರೆ ಸಮ್ಯಾಂಗ್ 24, ಇಲ್ಲವೇ ಶಿಫ್ಟ್ ಮಾತ್ರ ಇರುವ ಲಾವೊವಾ 15 ಮಿ.ಮೀ. ನೋಡಬಹುದು. ನಿಕಾನ್ 1962ರಷ್ಟು ಹಿಂದೆಯೇ 35 ಮಿ.ಮೀ. ಶಿಫ್ಟ್ ಲೆನ್ಸ್ ತಂದಿತ್ತು. ಅಪರ್ಚರನ್ನು ಕೈಯಲ್ಲೇ ತಿರುಗಿಸುವ ಆ ಹಳೆಯ ಲೆನ್ಸುಗಳು ಬರೀ ಒಂದು ಅಡಾಪ್ಟರ್ ಹಾಕಿದರೆ ಇಂದಿನ ಮಿರರ್‌ಲೆಸ್ ಕ್ಯಾಮೆರಾಗೂ ಕೂರುತ್ತವೆ. ನಾನು ಹೇಳಿದ ಈ ಲೆನ್ಸುಗಳಲ್ಲಿ ಯಾವುದಕ್ಕೂ ಆಟೊಫೋಕಸ್ ಇಲ್ಲ. ಕಟ್ಟಡ ಓಡಿಹೋಗುವುದಿಲ್ಲವಾದ್ದರಿಂದ ಅದೊಂದು ಕೊರತೆ ಎಂದು ನನಗನ್ನಿಸಿಲ್ಲ.

ಚಿಕ್ಕ ಸೆನ್ಸರಿನ ಎಪಿಎಸ್-ಸಿ ಕ್ಯಾಮೆರಾ ಇರುವವರು ಮತ್ತೆ ಲೆಕ್ಕ ಹಾಕಲೇಬೇಕು. ಅದರಲ್ಲಿ 24 ಮಿ.ಮೀ. ಹಿಡಿಯುವುದು ನಿಂತ ದೂರದಷ್ಟೇ ಎತ್ತರ.

ಸಾಫ್ಟ್‌ವೇರಿನಲ್ಲೇ ತಿದ್ದಬಹುದಲ್ಲ? ಹೌದು. ಅದಕ್ಕಿಂತ ಒಳ್ಳೆಯ ದಾರಿಯೂ ಇದೆ: 12 ಮಿ.ಮೀ. ಲೆನ್ಸ್ ಹಾಕಿ, ಕ್ಯಾಮೆರಾ ನೆಟ್ಟಗಿಟ್ಟು, ಬೇಡದ ನೆಲವನ್ನು ಆಮೇಲೆ ಕತ್ತರಿಸುವುದು. 24ರಷ್ಟೇ ನೋಟ ಉಳಿಸಿಕೊಂಡರೆ 45 ಮೆಗಾಪಿಕ್ಸೆಲ್‌ನಲ್ಲಿ ಸುಮಾರು 11 ಉಳಿಯುತ್ತದೆ. ಪತ್ರಿಕೆಯ ಒಂದು ಪುಟಕ್ಕೆ ಅಷ್ಟು ಧಾರಾಳ ಸಾಕು. ಫೋನಿನಲ್ಲಿ ಹಂಚುವುದಕ್ಕಷ್ಟೇ ಚಿತ್ರ ತೆಗೆಯುವವರು ಇಷ್ಟು ದುಡ್ಡು ಸುರಿಯಬಾರದು. ಗೋಡೆಯಗಲದ ಮುದ್ರಣಕ್ಕೆ, ಕೆತ್ತನೆಯ ಒಂದೊಂದು ಗೆರೆಯೂ ಬೇಕಾದ ದಾಖಲೆಗೆ ಮಾತ್ರ ನಿಜವಾದ ಶಿಫ್ಟ್ ಬೇಕು.

ಟಿಲ್ಟ್ ಬೇರೆಯೇ ವಿದ್ಯೆ. ಲೆನ್ಸನ್ನು ಬಾಗಿಸಿದರೆ ಫೋಕಸ್ ಆಗುವ ಸಮತಲವೂ ಬಾಗುತ್ತದೆ. ಈ ನಿಯಮಕ್ಕೆ ಆಸ್ಟ್ರಿಯದ ಸೇನಾಧಿಕಾರಿ ಥಿಯೋಡರ್ ಶೈಮ್‌ಫ್ಲೂಗ್ ಅವರ ಹೆಸರಿದೆ. ಆಕಾಶದಿಂದ ತೆಗೆದ ಚಿತ್ರಗಳ ಓರೆ ತಿದ್ದುವ ಉಪಾಯಕ್ಕೆ ಅವರು 1904ರಲ್ಲಿ ಪೇಟೆಂಟ್ ಪಡೆದಿದ್ದರು. ಅಂಗಳದ ಕಲ್ಲುಹಾಸು ಕಾಲಬುಡದಿಂದ ಬಾಗಿಲವರೆಗೂ ಸ್ಪಷ್ಟವಾಗಿ ಬರಬೇಕೆಂದರೆ, ಒಂದೂವರೆ ಮೀಟರ್ ಎತ್ತರದ 24 ಮಿ.ಮೀ. ಲೆನ್ಸನ್ನು ಒಂದು ಡಿಗ್ರಿಗಿಂತ ಕಡಿಮೆ ಬಾಗಿಸಿದರೆ ಸಾಕು. ಊರೆಲ್ಲ ಆಟಿಕೆಯಂತೆ ಕಾಣಿಸುವ ಚಿತ್ರಗಳು ಟಿಲ್ಟನ್ನು ಉಲ್ಟಾ ಬಳಸಿದಾಗ ಬರುವಂಥವು. ನನಗೆ ಅವು ಬೇಗ ಬೇಸರ ತರುತ್ತವೆ. ಆಭರಣ, ಊಟದ ಎಲೆ, ಅಂಗಡಿಯ ಸಾಮಾನು ತೆಗೆಯುವವರಿಗೆ ಟಿಲ್ಟೇ ಮುಖ್ಯ. ಅವರು 24ರ ಬದಲು 90 ಮಿ.ಮೀ. ಕಡೆ ನೋಡಲಿ.

ಕೊಳ್ಳುವ ಮುಂಚೆ ಬೆಂಗಳೂರಿನಂಥ ಊರಿನಲ್ಲಿ ಒಂದು ದಿನದ ಬಾಡಿಗೆಗೆ ತಂದು ಪ್ರಯತ್ನಿಸಿ. ಡಿಎಸ್ಎಲ್ಆರ್ ಆದರೆ ಬೆಳಕನ್ನು ಲೆನ್ಸ್ ಜರುಗಿಸುವ ಮೊದಲೇ ಅಳೆದುಕೊಳ್ಳಿ, ಆಮೇಲೆ ಮೀಟರ್ ತಪ್ಪು ತೋರಿಸುತ್ತದೆ. ಟ್ರೈಪಾಡ್ ಬೇಕೇ ಬೇಕು. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಿತ ಸ್ಮಾರಕಗಳಲ್ಲಿ ಅದನ್ನು ಇಡಲು ಮೊದಲೇ ಅನುಮತಿ ಪಡೆಯಬೇಕು, ಹಾಗಾಗಿ ಲೆನ್ಸ್ ಕಾಯ್ದಿರಿಸುವುದಕ್ಕಿಂತ ಮುಂಚೆ ಅರ್ಜಿ ಹಾಕಿ.