ಗೆಲುವು ಒಂದೇ, ಗೌರವ ಸಲ್ಲಬೇಕೆ?

ಪ್ರಶ್ನೆ: ಸ್ಟಾಕ್ ಕಾರ್ ರೇಸಿನಿಂದ ನಿವೃತ್ತರಾದವರಿಗೆ ಹಾಲ್ ಆಫ್ ಫೇಮ್ ಗೌರವ ಬೇಕೆ?

ಖಂಡಿತ ಬೇಕು. ಆದರೆ ಗೆದ್ದ ರೇಸುಗಳ ಲೆಕ್ಕವೊಂದನ್ನೇ ನೋಡಿ ಆರಿಸಿದರೆ ಅನ್ಯಾಯವಾಗುತ್ತದೆ.

ಅಮೆರಿಕದ ಶಾರ್ಲೆಟ್ ನಗರದಲ್ಲಿ, ಸ್ಟಾಕ್ ಕಾರ್ ರೇಸುಗಳನ್ನು ನಡೆಸುವ ನಾಸ್ಕಾರ್ ಸಂಸ್ಥೆಯ ಹಾಲ್ ಆಫ್ ಫೇಮ್ 2010ರಲ್ಲಿ ಬಾಗಿಲು ತೆರೆಯಿತು. 200 ರೇಸ್, 7 ಚಾಂಪಿಯನ್‌ಷಿಪ್ ಗೆದ್ದ ರಿಚರ್ಡ್ ಪೆಟಿ ಮೊದಲ ತಂಡದಲ್ಲೇ ಒಳಗೆ ಬಂದರು. ಅದರಲ್ಲಿ ಚರ್ಚೆಗೆ ಆಸ್ಪದವೇ ಇರಲಿಲ್ಲ.

ವೆಂಡೆಲ್ ಸ್ಕಾಟ್ ಅವರ ಕಥೆಯೇ ಬೇರೆ. ವರ್ಜೀನಿಯಾದ ಈ ಕಪ್ಪು ಚಾಲಕ ಸುಮಾರು 500 ರೇಸುಗಳಲ್ಲಿ ಓಡಿ ಗೆದ್ದದ್ದು ಒಂದೇ ಒಂದು. ಹಳೆಯ ಕಾರು ಕೊಂಡು, ತಾವೇ ಎಂಜಿನ್ ಬಿಚ್ಚಿ ಜೋಡಿಸಿ, ಮಕ್ಕಳನ್ನೇ ಸಹಾಯಕ್ಕೆ ಇಟ್ಟುಕೊಂಡು ಟ್ರ್ಯಾಕಿಗೆ ಇಳಿಯುತ್ತಿದ್ದರು. 1963ರ ಡಿಸೆಂಬರ್ 1ರಂದು ಜಾಕ್ಸನ್‌ವಿಲ್‌ನ ಮಣ್ಣಿನ ಟ್ರ್ಯಾಕಿನಲ್ಲಿ ಎರಡನೆಯವರಿಗಿಂತ ಎರಡು ಸುತ್ತು ಮುಂದಿದ್ದರು. ಆದರೂ ವಿಜೇತರೆಂದು ಘೋಷಣೆಯಾದದ್ದು ಆ ಎರಡನೆಯವರಾದ ಬಕ್ ಬೇಕರ್ ಹೆಸರು! ಪ್ರೇಕ್ಷಕರೆಲ್ಲ ಮನೆಗೆ ಹೋದ ಮೇಲೆ ಅಧಿಕಾರಿಗಳು ತಪ್ಪು ಒಪ್ಪಿಕೊಂಡರು. ಸ್ಕಾಟ್ 1990ರಲ್ಲಿ ತೀರಿಕೊಂಡರು; ಹಾಲ್ ಆಫ್ ಫೇಮ್ ಸೇರಿದ್ದು 2015ರಲ್ಲಿ. ಆ ಗೆಲುವಿನ ಟ್ರೋಫಿ ಕುಟುಂಬದ ಕೈಸೇರುವಾಗ 2021 ಆಗಿತ್ತು. ಸ್ಪರ್ಧೆಯೇ ಸಮಾನವಾಗಿಲ್ಲದ ಕಾಲದಲ್ಲಿ ಅಷ್ಟು ವರ್ಷ ಕಣದಲ್ಲಿ ಉಳಿದದ್ದನ್ನು ಯಾವ ಅಂಕಪಟ್ಟಿ ಅಳೆದೀತು?

ಮಾರ್ಕ್ ಮಾರ್ಟಿನ್ ಅವರದು ಇನ್ನೊಂದು ಬಗೆ. 40 ಗೆಲುವು, ಐದು ಬಾರಿ ಚಾಂಪಿಯನ್‌ಷಿಪ್‌ನಲ್ಲಿ ಎರಡನೇ ಸ್ಥಾನ, ಪ್ರಶಸ್ತಿ ಮಾತ್ರ ಒಮ್ಮೆಯೂ ಇಲ್ಲ. 2017ರಲ್ಲಿ ಅವರನ್ನೂ ಸೇರಿಸಿಕೊಂಡರು, ಅದು ಸರಿಯಾದ ತೀರ್ಮಾನ.

ಇಂಥ ಹೆಸರುಗಳಿಗಾಗಿಯೇ ಈ ಗೌರವ ಬೇಕು. ಪೆಟಿಯವರನ್ನು ಜನ ಹೇಗೂ ಮರೆಯುವುದಿಲ್ಲ.